ನಾನು ಕತ್ತರಿಸಿದ ಅರ್ಧ ಗಂಟೆ

ಕಳೆದ ವರ್ಷ ಸೆಪ್ಟೆಂಬರ್ ತಿಂಗಳ ಎರಡನೆಯ ಗುರುವಾರ ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷಕ್ಕೆ, ಕಂಟೋನ್ಮೆಂಟಿನ ಒಂದು ಖಾಸಗಿ ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಅಲ್ಲಿನ ಆಂಬುಲೆನ್ಸ್ ಚಾಲಕ ಮುನಿರಾಜು ಅವರ ಹೊಟ್ಟೆಯ ಸ್ಕ್ಯಾನ್ ಆಯಿತು. ವಯಸ್ಸು ನಲವತ್ತಾರು. ಸ್ಕೂಟರಿನಿಂದ ಬಿದ್ದಿದ್ದರು. ಹೊಟ್ಟೆಯೊಳಗೆ ರಕ್ತ ಕಾಣುತ್ತಿಲ್ಲ ಎಂದು ಡಾಕ್ಟರು ಬರೆದರು. ಬರೆದದ್ದು ಆ ಗಳಿಗೆಗೆ ಸರಿಯಾಗಿತ್ತು.

ಕಳೆದ ವಾರ ಶಿವಾಜಿನಗರದ ಕನ್ನಡಕದಂಗಡಿಯಲ್ಲಿ ಕುಳಿತಿದ್ದೆ. ಅಂಗಡಿಯವರು ನನ್ನ ಹೊಸ ಕನ್ನಡಕವನ್ನು ಸ್ಪಿರಿಟ್ ಹತ್ತಿಯಿಂದ ಒರೆಸಿ, ಅದು ಆರುವ ಮೊದಲೇ ಮುಖಕ್ಕೆ ಹಾಕಿದರು. ಮೂಗಿಗೆ ತಣ್ಣಗೆ ತಗುಲಿತು. "ಸರಿಯಾಗಿ ಕಾಣ್ತಾ ಇದೆಯಾ ಮೇಡಂ?" ಎಂದು ಕೇಳಿದರು. ಕಾಣುತ್ತಿತ್ತು. ಆದರೂ ಕನ್ನಡಕ ತೆಗೆದು ಒಮ್ಮೆ ಮೂಸಿದೆ. ಆ ವರ್ಷದ ಮಳೆಗಾಲವನ್ನು ನಾನು ಕಳೆದದ್ದು ಅದೇ ಸ್ಪಿರಿಟ್ ವಾಸನೆಯ ಕೋಣೆಯಲ್ಲಿ. ಅಲ್ಲಿ ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ದಾಟುವ ಕಪ್ಪು ಕನ್ನಡಕಗಳನ್ನು ಹೀಗೆಯೇ ಸ್ಪಿರಿಟ್ಟಿನಿಂದ ಒರೆಸುತ್ತಿದ್ದರು.

ನಾನು ಪತ್ರಿಕೆಯೊಂದರ ಡೆಸ್ಕಿನಲ್ಲಿ ಇಪ್ಪತ್ತೇಳು ವರ್ಷ ಇದ್ದವಳು. ಬೇರೆಯವರು ಬರೆದದ್ದನ್ನು ಚಿಕ್ಕದು ಮಾಡುವುದು ನನ್ನ ಕೆಲಸ. ನಿವೃತ್ತಿಯಾಗಿ ಮೂರು ತಿಂಗಳಾಗಿತ್ತು. ಮೇ ಕೊನೆಯಲ್ಲಿ ಡಾ. ಶಾಹಿದಾ ಫೋನ್ ಮಾಡಿದರು. ಅವರು ಆ ಆಸ್ಪತ್ರೆಯ ತುರ್ತು ವಿಭಾಗದ ಮುಖ್ಯಸ್ಥೆ, ಬೆನ್ಸನ್ ಟೌನಿನವರು. ರಸ್ತೆ ಅಪಘಾತಗಳ ಬಗ್ಗೆ ನಮ್ಮ ಪತ್ರಿಕೆ ಒಮ್ಮೆ ವಿಶೇಷ ಪುಟ ತಂದಾಗ ಪರಿಚಯವಾಗಿದ್ದರು.

"ಅಕ್ಕಾ, ಖಾಲಿ ಇದ್ದೀರಲ್ಲ, ಬನ್ನಿ ಇಲ್ಲಿ. ನಮ್ಮ ಹುಡುಗ್ರು ಕಲಿಯೋಕೆ ಒಂದು ಮೆಷಿನ್ ಬಂದಿದೆ. ಅದರೊಳಗಿನ ಪೇಷಂಟು ಇಂಗ್ಲಿಷಲ್ಲಿ ನರಳ್ತಾನೆ. ಶಿವಾಜಿನಗರದಲ್ಲಿ ಯಾರು ಇಂಗ್ಲಿಷಲ್ಲಿ ನರಳ್ತಾರೆ, ನೀವೇ ಹೇಳಿ?"

ಮಷಿನ್ ಎಂದರೆ ಕಣ್ಣು ಪೂರ್ತಿ ಮುಚ್ಚುವ ದಪ್ಪ ಕನ್ನಡಕ ಮತ್ತು ಕೈಯಲ್ಲಿ ಹಿಡಿಯುವ ಒಂದು ತುಂಡು. ಕನ್ನಡಕ ಹಾಕಿಕೊಂಡರೆ ಎದುರಿಗೆ ತುರ್ತು ವಿಭಾಗ ಮೂಡುತ್ತದೆ, ಮಂಚದ ಮೇಲೆ ಗಾಯಾಳು ಮಲಗಿರುತ್ತಾನೆ. ಕೈಯಲ್ಲಿದ್ದದ್ದು ಸ್ಕ್ಯಾನ್ ಮಾಡುವ ಪ್ರೋಬ್ ಆಗುತ್ತದೆ. ಹೊರಗಿನಿಂದ ನೋಡುವವರಿಗೆ ಕಾಣುವುದು ಒಂದು ಹಳೆಯ ಮಂಚ, ಅದರ ಮೇಲೆ ಸ್ಪಂಜಿನ ಒಂದು ಮುಂಡ, ಪಕ್ಕದಲ್ಲಿ ಕಣ್ಣು ಕಟ್ಟಿಕೊಂಡು "ಆಳವಾಗಿ ಉಸಿರು ತಗೊಳ್ಳಿ" ಎಂದು ಅದಕ್ಕೆ ಹೇಳುತ್ತಿರುವ ಡಾಕ್ಟರು.

ಅಪಘಾತದಲ್ಲಿ ಪೆಟ್ಟಾದವರಿಗೆ ಮೊದಲ ನಿಮಿಷಗಳಲ್ಲಿ ಮಾಡುವ ಈ ಸ್ಕ್ಯಾನು ಹುಡುಕುವುದು ಒಂದನ್ನೇ, ಇರಬಾರದ ಜಾಗದಲ್ಲಿ ರಕ್ತ ಇದೆಯೇ ಎಂಬುದನ್ನು. ಪರದೆಯ ಮೇಲೆ ರಕ್ತ ಕೆಂಪಗಿರುವುದಿಲ್ಲ, ಕಪ್ಪಗಿರುತ್ತದೆ. ಬಲಗಡೆ ಲಿವರ್ ಮತ್ತು ಕಿಡ್ನಿಯ ನಡುವೆ, ಎಡಗಡೆ ಪಕ್ಕೆಲುಬಿನ ಹಿಂದಿರುವ ಗುಲ್ಮದ ಸುತ್ತ, ಕೆಳಗೆ ಮೂತ್ರಕೋಶದ ಹಿಂದೆ, ಮೇಲೆ ಹೃದಯದ ಸುತ್ತ ಆ ಕಪ್ಪನ್ನು ಹುಡುಕಬೇಕು. ಶಾಹಿದಾ ಇದನ್ನು ಮೊದಲ ದಿನವೇ ನನಗೆ ಅರ್ಥವಾಗುವಂತೆ ಹೇಳಿದರು.

ಇಂದಿರಾನಗರದ ಸಣ್ಣ ಕಂಪನಿಯೊಂದು ಆರು ಕೇಸುಗಳನ್ನು ಕನ್ನಡಕ್ಕೆ ತರಲು ಒಪ್ಪಿತ್ತು. ಅಲ್ಲಿಂದ ಪ್ರದೀಪ ಎಂಬ ಇಂಜಿನಿಯರ್ ಬರುತ್ತಿದ್ದ. ಶಾಹಿದಾ ಕೇಸು ಬರೆದುಕೊಡುವುದು, ಅದರಿಂದ ಗಾಯಾಳುವಿನ ಮಾತನ್ನು ನಾನು ಬರೆಯುವುದು, ದನಿ ಮುದ್ರಿಸುವುದು, ಪ್ರದೀಪ ಅದನ್ನು ಮಷಿನ್ನಿಗೆ ಸೇರಿಸುವುದು, ಹೀಗೆ ಕೆಲಸ ಹಂಚಿತ್ತು. ನಮಗೆ ಕೊಟ್ಟದ್ದು ಎರಡನೆಯ ಮಹಡಿಯ ಹಳೆಯ ಎಕ್ಸ್-ರೇ ಕೋಣೆ. ಗೋಡೆಯ ಸೀಸದ ಹಲಗೆ ಇನ್ನೂ ತೆಗೆದಿರಲಿಲ್ಲ, ಹಾಗಾಗಿ ಒಳಗೆ ಮೊಬೈಲ್ ಸರಿಯಾಗಿ ಸಿಗುತ್ತಿರಲಿಲ್ಲ. ಕಿಟಕಿ ತೆರೆದರೆ ರಸೆಲ್ ಮಾರ್ಕೆಟ್ ಕಡೆಯ ಗಲ್ಲಿ, ಬಸ್ಸುಗಳ ಹಾರ್ನು, ಮಳೆ ನಿಂತೊಡನೆ ಮೇಲೇಳುವ ಮಾಂಸದ ಮತ್ತು ಒದ್ದೆ ಗೋಣಿಯ ವಾಸನೆ. ಮುದ್ರಿಸುವಾಗ ಕಿಟಕಿ ಮುಚ್ಚುತ್ತಿದ್ದೆವು.

ಗಾಯಾಳುವಿನ ದನಿಗೆ ಮೊದಲು ರಂಗಭೂಮಿಯ ಇಬ್ಬರನ್ನು ಕರೆಸಿದೆವು. ಅವರು ಕೊನೆಯ ಸಾಲಿನ ಪ್ರೇಕ್ಷಕರಿಗೂ ಕೇಳುವಂತೆ ನರಳಿದರು. ಎರಡನೆಯ ದಿನ ಬಾಗಿಲ ಬಳಿ ಒಬ್ಬರು ನಿಂತು ಕೇಳುತ್ತಿದ್ದರು. ಖಾಕಿ ಅಂಗಿ, ಕೈಯಲ್ಲಿ ಚಹಾ ಲೋಟ.

"ಹಂಗಲ್ಲ ಮೇಡಂ. ನಿಜವಾಗ್ಲೂ ನೋವಾದೋನು ಕೂಗಲ್ಲ. ಮೆಲ್ಲಗೆ ಮಾತಾಡ್ತಾನೆ, ಮಧ್ಯ ಮಧ್ಯ ನಿಲ್ಲಿಸ್ಬಿಡ್ತಾನೆ. ಹದಿನಾರು ವರ್ಷದಿಂದ ನನ್ನ ಬೆನ್ನ ಹಿಂದೆ ಕೇಳಿಸ್ಕೊಂಡು ಬಂದಿದೀನಿ."

ಅವರೇ ಮುನಿರಾಜು. ಕಗ್ಗದಾಸಪುರದ ಹಳೆಯ ಮನೆತನ. ಅಜ್ಜ ಸೊಪ್ಪು ಬೆಳೆಯುತ್ತಿದ್ದ ಜಾಗದಲ್ಲಿ ಈಗ ಅವರದೇ ನಾಲ್ಕು ಬಾಡಿಗೆ ಮನೆಗಳಿವೆ. ಮತ್ತೆ ಡ್ರೈವರ್ ಕೆಲಸ ಯಾಕೆ ಎಂದು ಒಮ್ಮೆ ಕೇಳಿದ್ದೆ. "ಮನೇಲಿ ಕೂತ್ರೆ ಜಯಮ್ಮ ಟೊಮೇಟೊ ಹೆಚ್ಚೋಕೆ ಹಾಕ್ತಾಳೆ ಮೇಡಂ. ಅದಕ್ಕಿಂತ ಸೈರನ್ ವಾಸಿ" ಎಂದಿದ್ದರು. ಜಯಮ್ಮ ಅವರ ಹೆಂಡತಿ.

ಅವರಿಗೇ ಮೈಕ್ ಕೊಟ್ಟೆವು. ಒಂದೇ ಸಲಕ್ಕೆ ಬಂತು. ಪ್ರದೀಪ ಕಿವಿಯಿಂದ ಹೆಡ್‌ಫೋನ್ ತೆಗೆದು, "ಗುರೂ, ನನಗೇ ಹೊಟ್ಟೆ ನೋವು ಬಂತು" ಎಂದ. ಆರು ಕೇಸುಗಳಲ್ಲಿ ನಾಲ್ಕರ ದನಿ ಮುನಿರಾಜು ಅವರದೇ ಎಂದು ಅಂದೇ ತೀರ್ಮಾನವಾಯಿತು.

ಈಗ ಮೂರನೆಯ ಕೇಸಿನ ವಿಷಯ. ದಾಖಲೆಗಾಗಿ ಇದನ್ನು ಇದ್ದದ್ದು ಇದ್ದಹಾಗೆ ಹೇಳಬೇಕು.

ಶಾಹಿದಾ ಬರೆದುಕೊಟ್ಟ ಮೂಲದಲ್ಲಿ ಆ ಕೇಸು ಹೀಗಿತ್ತು: ಬೈಕಿನಿಂದ ಬಿದ್ದವನು ಮಾತಾಡುತ್ತಾ ಬರುತ್ತಾನೆ. ಸ್ಕ್ಯಾನ್ ಮಾಡಿದರೆ ಏನೂ ಇಲ್ಲ. ಅವನನ್ನು ಮಂಚದಲ್ಲೇ ಇಟ್ಟುಕೊಂಡು ಅರ್ಧ ಗಂಟೆ ಕಾಯಬೇಕು, ನಾಡಿ ನೋಡುತ್ತಿರಬೇಕು. ಮತ್ತೆ ಸ್ಕ್ಯಾನ್ ಮಾಡಿದಾಗ ಗುಲ್ಮದ ಬಳಿ ತೆಳುವಾಗಿ ಕಪ್ಪು ಕಾಣುತ್ತದೆ. ಒಳಗೆ ನಿಧಾನವಾಗಿ ಒಸರುವ ರಕ್ತ ಮೊದಲ ನೋಟಕ್ಕೆ ಸಿಗದಿರಬಹುದು. ಕಲಿಸಬೇಕಾದದ್ದು ಅದನ್ನೇ.

ಪ್ರದೀಪ ತಲೆ ಅಲ್ಲಾಡಿಸಿದ. "ಮೇಡಂ, ಹತ್ತು ನಿಮಿಷಕ್ಕಿಂತ ಜಾಸ್ತಿ ಕನ್ನಡಕ ಹಾಕ್ಕೊಂಡ್ರೆ ತಲೆ ಸುತ್ತತ್ತೆ. ಕೇಸು ಎಂಟು ನಿಮಿಷದೊಳಗೆ ಮುಗೀಬೇಕು. ಆ ಅರ್ಧ ಗಂಟೇಲಿ ಏನಾಗತ್ತೆ?"

"ಏನೂ ಆಗಲ್ಲ," ಎಂದೆ.

"ಏನೂ ಆಗದೇ ಇರೋದನ್ನ ಹೇಗೆ ತೋರಿಸೋದು?"

ನನಗೆ ಅದು ನ್ಯಾಯವಾಗಿ ಕಂಡಿತು. ಏನೂ ನಡೆಯದ ಪ್ಯಾರಾವನ್ನು ತೆಗೆಯುವುದರಲ್ಲೇ ನನ್ನ ಆಯುಷ್ಯ ಕಳೆದಿತ್ತು. ಕಾಯುವುದನ್ನು ತೆಗೆದೆ. ಕಾಯುವುದು ಹೋದಮೇಲೆ ಎರಡನೆಯ ಸ್ಕ್ಯಾನಿಗೂ ಜಾಗವಿರಲಿಲ್ಲ. ಅದನ್ನೂ ತೆಗೆದೆ. ರಕ್ತ ಇರುವ ಕೇಸುಗಳು ಬೇರೆ ಐದು ಇದ್ದವು. ರಕ್ತ ಇಲ್ಲದ್ದನ್ನು ಇಲ್ಲವೆಂದು ಗುರುತಿಸಲು ಒಂದು ಕೇಸಿರಲಿ ಎಂದು ವಾದ ಮಾಡಿದೆ. ಕಥೆಗೆ ಒಂದು ಮುಕ್ತಾಯ ಬೇಕಿತ್ತು. ಹಾಗಾಗಿ, ಸ್ಕ್ಯಾನ್ ಸರಿಯಾಗಿ ಮಾಡಿ ಏನೂ ಇಲ್ಲ ಎಂದೊಡನೆ ಗಾಯಾಳು ಎದ್ದು ಕುಳಿತು, ಅಂಗಿ ಸರಿ ಮಾಡಿಕೊಂಡು, "ಕ್ಲಿಯರ್ ಅಲ್ವಾ? ಬರ್ತೀನಿ ಡಾಕ್ಟ್ರೇ" ಎಂದು ಹೊರಟುಹೋಗುವಂತೆ ಬರೆದೆ. ಗಂಟೆ ಬಾರಿಸುತ್ತದೆ, ಕೇಸು ಮುಗಿಯುತ್ತದೆ, ಅಂಕ ಬರುತ್ತದೆ.

ಶಾಹಿದಾ ಓದಿದರು. ಆ ದಿನ ಕೆ.ಆರ್. ಪುರದ ತೂಗುಸೇತುವೆಯ ಬಳಿ ಬಸ್ಸು ಮಗುಚಿ ತುರ್ತು ವಿಭಾಗ ತುಂಬಿತ್ತು. ಅವರು ನಿಂತುಕೊಂಡೇ ಓದಿದರು.

"ಅಕ್ಕಾ, ಕಾಯೋದು ಎಲ್ಲಿ ಹೋಯ್ತು?"

"ಕೊನೆಗೆ ಹಾಕಿದೀನಿ. ಅಂಕ ಬಂದ ಮೇಲೆ ಒಂದು ಸಾಲು ಬರತ್ತೆ. ನೋವು ಮುಂದುವರಿದರೆ ಸ್ಕ್ಯಾನನ್ನು ಮತ್ತೆ ಮಾಡಿ ಅಂತ."

ಅವರು ಸಹಿ ಮಾಡಿದರು.

ಪತ್ರಿಕೆಯಲ್ಲಿ ಜಾಗ ಸಾಲದಾಗ ಮೊದಲು ಹೋಗುವುದು ವರದಿಯ ಕೊನೆಯ ಪ್ಯಾರಾ. ಬೇಕಾದದ್ದನ್ನು ಅಲ್ಲಿ ಇಡಬೇಡಿ ಎಂದು ಹೊಸಬರಿಗೆ ನಾನೇ ಹೇಳಿಕೊಡುತ್ತಿದ್ದೆ.

ಜುಲೈಯಲ್ಲಿ ಅಭ್ಯಾಸ ಶುರುವಾಯಿತು. ಮಳೆ ಬಿಡದೆ ಬಂದ ತಿಂಗಳು. ಕಿರಿಯ ವೈದ್ಯರು ಛತ್ರಿಗಳನ್ನು ಮೆಟ್ಟಿಲ ಬಳಿ ಬಿಟ್ಟು ಒದ್ದೆ ಕಾಲಲ್ಲಿ ಬರುತ್ತಿದ್ದರು. ನಾನು ಮೂಲೆಯ ಕುರ್ಚಿಯಲ್ಲಿ ಕುಳಿತು, ಅವರು ಎಲ್ಲಿ ಎಡವುತ್ತಾರೆ, ಯಾವ ಮಾತು ಅರ್ಥವಾಗುವುದಿಲ್ಲ ಎಂದು ಗುರುತು ಹಾಕಿಕೊಳ್ಳುತ್ತಿದ್ದೆ. ನನ್ನ ಪುಸ್ತಕದಲ್ಲಿ ಜುಲೈ ಮೊದಲ ವಾರದ ಒಂದು ಸಾಲು ಹೀಗಿದೆ: "ಗಂಟೆ ಕೇಳಿದೊಡನೆ ಎಲ್ಲರೂ ಕನ್ನಡಕ ತೆಗೆಯುತ್ತಾರೆ." ಕೊನೆಯ ಸಾಲು ಕಾಣಿಸಿಕೊಳ್ಳುವುದು ಗಂಟೆಯ ನಂತರ. ಅದು ಮಂಚದ ಮೇಲೆ ಬಿದ್ದಿರುವ ಕನ್ನಡಕದೊಳಗೆ ಬಂದು ಹೋಗುತ್ತಿತ್ತು. ನಾನು ಇದನ್ನು ನೋಡಿದೆ, ಬರೆದುಕೊಂಡೆ, ಪುಟ ತಿರುವಿದೆ.

ಕಲಿಯುವವರಲ್ಲಿ ಎಲ್ಲರಿಗಿಂತ ಮುಂದಿದ್ದವಳು ಡಾ. ಭಾರ್ಗವಿ. ಕೆ.ಆರ್. ಪುರದ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ ಬೆಳೆದ ಹುಡುಗಿ, ತುರ್ತು ಚಿಕಿತ್ಸೆಯಲ್ಲಿ ಎರಡನೆಯ ವರ್ಷ. ಬಿಡುವು ಸಿಕ್ಕಾಗಲೆಲ್ಲ ಬರುತ್ತಿದ್ದಳು. ಮೂರನೆಯ ಕೇಸನ್ನು ಮೂರೂವರೆ ನಿಮಿಷದಲ್ಲಿ ಮುಗಿಸಿ, ಗೋಡೆಯ ಹಲಗೆಯ ಮೇಲೆ ತನ್ನ ಹೆಸರನ್ನು ಮೇಲಕ್ಕೆ ಬರೆದುಕೊಂಡಿದ್ದಳು. ಅವಳ ಕೈ ತಡಕಾಡುತ್ತಿರಲಿಲ್ಲ. ಬಲ, ಎಡ, ಕೆಳಗೆ, ಮೇಲೆ, ಅಷ್ಟೇ.

"ಏನಣ್ಣಾ ಮುನಿರಾಜಣ್ಣ, ದಿನಾ ನಿಮ್ಮ ಹೊಟ್ಟೆ ನೋಡಿ ನೋಡಿ ನಿಮ್ಮ ಹೆಂಡ್ತಿಗಿಂತ ನನಗೇ ಜಾಸ್ತಿ ಗೊತ್ತು," ಎಂದು ಅವಳು ರೇಗಿಸುತ್ತಿದ್ದಳು.

"ಒಳಗೆ ಏನೈತೆ ಮೇಡಂ?"

"ನಿನ್ನೆಯ ಮುದ್ದೆ."

ಕೇಸಿನ ಕೊನೆಯ ಮಾತು ಆಸ್ಪತ್ರೆಯಲ್ಲಿ ಹರಡಿತು. ಊಟಕ್ಕೆ ಏಳುವವರು, ಡ್ಯೂಟಿ ಬಿಟ್ಟು ಹೋಗುವವರು, ಲಿಫ್ಟಿನಿಂದ ಇಳಿಯುವವರು ಎಲ್ಲರೂ "ಕ್ಲಿಯರ್ ಅಲ್ವಾ? ಬರ್ತೀನಿ ಡಾಕ್ಟ್ರೇ" ಎನ್ನತೊಡಗಿದರು. ನಾನು ಬರೆದ ಸಾಲೊಂದು ಜನರ ಬಾಯಲ್ಲಿ ಅಷ್ಟು ಓಡಾಡಿದ್ದು ಅದೇ ಮೊದಲು. ಸಂತೋಷವಾಗಿತ್ತು ಎಂಬುದನ್ನೂ ಇಲ್ಲಿ ಬರೆಯಬೇಕು.

ಸೆಪ್ಟೆಂಬರಿನ ಆ ಗುರುವಾರ ಬೆಳಗಿನಿಂದ ಜಿಟಿಜಿಟಿ ಮಳೆ. ಶಿವಾಜಿನಗರದಲ್ಲಿ ಮೇರಿ ಹಬ್ಬ ಮುಗಿದು ರಸ್ತೆಯ ಮೇಲಿನ ದೀಪದ ಸರಗಳನ್ನು ಬಿಚ್ಚುತ್ತಿದ್ದರು. ಮುನಿರಾಜು ಮಧ್ಯಾಹ್ನದ ಪಾಳಿಗೆಂದು ಸ್ಕೂಟರಿನಲ್ಲಿ ಬರುವಾಗ ಹಳೆಯ ಮದ್ರಾಸ್ ರಸ್ತೆಯಲ್ಲಿ, ಹಲಸೂರು ಮುಟ್ಟುವ ಮೊದಲು, ಮೆಟ್ರೋ ಕಂಬದ ಪಕ್ಕದ ಕೆಸರಿನಲ್ಲಿ ಜಾರಿದರು. ಹ್ಯಾಂಡಲಿನ ತುದಿ ಎಡ ಪಕ್ಕೆಗೆ ಗುದ್ದಿತು. ಸ್ಕೂಟರ್ ಎತ್ತಿ, ಅದರಲ್ಲೇ ಆಸ್ಪತ್ರೆಗೆ ಬಂದರು.

ತುರ್ತು ವಿಭಾಗದಲ್ಲಿ ನಡೆದದ್ದನ್ನು ನಾನು ಕಣ್ಣಾರೆ ನೋಡಲಿಲ್ಲ. ಭಾರ್ಗವಿ ಹೇಳಿದಳು. ಅಲ್ಲಿದ್ದ ನರ್ಸ್ ಒಬ್ಬರನ್ನು ಬೇರೆಯಾಗಿ ಕೇಳಿದೆ, ಅವರೂ ಅದನ್ನೇ ಹೇಳಿದರು.

ಮುನಿರಾಜು ಚೀಟಿ ಮಾಡಿಸಲಿಲ್ಲ. ಒಳಗಿನವರು ಯಾರೂ ಮಾಡಿಸುವುದಿಲ್ಲ. "ಮೇಡಂ, ಒಂಚೂರು ನೋಡ್ಬಿಡಿ" ಎಂದರೆ ನೋಡುತ್ತಾರೆ, ಅದು ಅಲ್ಲಿನ ರೂಢಿ. ಭಾರ್ಗವಿ ಖಾಲಿ ಮಂಚದಲ್ಲಿ ಮಲಗಿಸಿದಳು. ನಾಡಿ ಸ್ವಲ್ಪ ಜೋರಿತ್ತು. ಬಿದ್ದ ಗಾಬರಿ ಇರಬಹುದು ಎಂದುಕೊಂಡಳು. ಬಲ, ಎಡ, ಕೆಳಗೆ, ಮೇಲೆ ನೋಡಿದಳು. ಎಲ್ಲೂ ಕಪ್ಪಿಲ್ಲ.

"ಏನೂ ಇಲ್ಲ ಅಣ್ಣಾ," ಎಂದಳು.

ಮುನಿರಾಜು ಎದ್ದು ಕುಳಿತು ಅಂಗಿ ಸರಿ ಮಾಡಿಕೊಂಡರು. "ಕ್ಲಿಯರ್ ಅಲ್ವಾ? ಬರ್ತೀನಿ ಡಾಕ್ಟ್ರೇ," ಎಂದರು.

ಪಕ್ಕದ ಮಂಚದ ಬಳಿಯಿದ್ದ ನರ್ಸ್ ಜೋರಾಗಿ ನಕ್ಕರು. ಭಾರ್ಗವಿಯೂ ನಕ್ಕಳು. ಮುನಿರಾಜು ಹೊರಟರು. ಚೀಟಿ ಇಲ್ಲದ್ದರಿಂದ ಸ್ಕ್ಯಾನಿನ ಫಲಿತಾಂಶವನ್ನು ಭಾರ್ಗವಿ ತನ್ನ ಅಭ್ಯಾಸದ ಪುಸ್ತಕದಲ್ಲಿ ಬರೆದಳು. ಸಮಯ ಎರಡು ಹತ್ತು. ಆಸ್ಪತ್ರೆಯ ಲೆಕ್ಕದಲ್ಲಿ ಆ ಹೊತ್ತಿಗೆ ಮುನಿರಾಜು ಎಂಬ ರೋಗಿ ಇರಲಿಲ್ಲ.

ಎರಡೂ ಮುಕ್ಕಾಲಿಗೆ ಅವರು ನನ್ನ ಕೋಣೆಗೆ ಬಂದರು. ಆರನೆಯ ಕೇಸಿನ ಮಾತು ಅಂದು ಮುದ್ರಿಸುವುದಿತ್ತು. ಕಟ್ಟಡದಿಂದ ಬಿದ್ದ ಗಾರೆ ಕೆಲಸದವನ ಪಾತ್ರ.

"ಏನ್ರೀ, ಬಿದ್ರಂತೆ?"

"ಜಾರ್ತು ಮೇಡಂ. ಭಾರ್ಗವಿ ಮೇಡಂ ನೋಡಿದ್ರು. ಕ್ಲಿಯರ್."

"ಬೇಡ ಅಂದ್ರೆ ನಾಳೆ ಮಾಡೋಣ."

"ನಾಳೆ ತುಮಕೂರಿಗೆ ಒಂದು ಪೇಷಂಟು ಬಿಡೋದೈತೆ. ಇವತ್ತೇ ಮುಗಿಸ್ಬಿಡೋಣ."

ಕಿಟಕಿ ಮುಚ್ಚಿದೆ, ರೆಕಾರ್ಡಿಂಗ್ ಗುಂಡಿ ಒತ್ತಿದೆ. ಇಲ್ಲಿಂದ ಮುಂದಿನದು ನನ್ನ ನೆನಪಲ್ಲ. ಹತ್ತೊಂಬತ್ತು ನಿಮಿಷದ ದನಿ ಇದೆ, ನಾನು ಅದನ್ನು ಮತ್ತೆ ಮತ್ತೆ ಕೇಳಿದ್ದೇನೆ.

ಮೊದಲ ಐದು ನಿಮಿಷ ಎಲ್ಲ ಸರಿಯಾಗಿದೆ. ಆಮೇಲೆ ಅವರು ಕಾಗದ ನೋಡಿ ಹೇಳುತ್ತಾರೆ: "ಹೊಟ್ಟೆ ನೋಯ್ತಿದೆ ಡಾಕ್ಟ್ರೇ..." ಸ್ವಲ್ಪ ನಿಲ್ಲಿಸುತ್ತಾರೆ. "ಎಡಗಡೆ ಭುಜಾನೂ ನೋಯ್ತೈತೆ."

ನನ್ನ ದನಿ: "ಭುಜ ಬೇಡ ಮುನಿರಾಜು. ಇಲ್ಲಿ ಹೊಟ್ಟೆ ಮಾತ್ರ ಇರೋದು."

"ಸರಿ ಮೇಡಂ."

ಮತ್ತೆ ಓದುತ್ತಾರೆ. ದನಿ ಸಣ್ಣದಾಗಿದೆ. ಪದಗಳ ನಡುವೆ ಉಸಿರು. ನನ್ನ ದನಿ: "ಇವತ್ತು ತುಂಬಾ ಚೆನ್ನಾಗಿ ಬರ್ತಿದೆ. ಇದೇ ಥರ ನಿಲ್ಲಿಸಿ ನಿಲ್ಲಿಸಿ ಹೇಳಿ."

ಹನ್ನೊಂದನೆಯ ನಿಮಿಷದಲ್ಲಿ ನೀರು ಕೇಳುತ್ತಾರೆ. ಕುಡಿಯುವ ಸದ್ದು. ಹದಿನಾಲ್ಕನೆಯ ನಿಮಿಷದಲ್ಲಿ ಅವರು ಕಾಗದದಲ್ಲಿ ಇಲ್ಲದ ಮಾತನ್ನು ಎರಡನೆಯ ಸಲ ಹೇಳುತ್ತಾರೆ: "ಈ ಭುಜ..."

ನನ್ನ ದನಿ: "ಮತ್ತೆ ಭುಜ!" ಅದರ ಹಿಂದೆಯೇ ನನ್ನ ನಗು.

ಎಡ ಭುಜದ ನೋವು ಏನು ಹೇಳುತ್ತದೆ ಎಂದು ಶಾಹಿದಾ ನನಗೆ ಆಮೇಲೆ ತಿಳಿಸಿದರು. ಗುಲ್ಮ ಒಡೆದು ರಕ್ತ ಮೇಲಕ್ಕೆ ಶೇಖರವಾದರೆ ಅದು ಎದೆ ಮತ್ತು ಹೊಟ್ಟೆಯ ನಡುವಿನ ಪರೆಯಾದ ವಪೆಯನ್ನು ಕೆಣಕುತ್ತದೆ, ನೋವು ಭುಜದಲ್ಲಿ ಕಾಣಿಸಿಕೊಳ್ಳುತ್ತದೆ. ಭುಜಕ್ಕೆ ಪೆಟ್ಟೇ ಆಗಿರುವುದಿಲ್ಲ. ವೈದ್ಯ ವಿದ್ಯಾರ್ಥಿಗಳು ಇದನ್ನು ಓದಿರುತ್ತಾರೆ. ನಾನು ಓದಿರಲಿಲ್ಲ. ಆದರೆ ನಿಜವಾದ ನೋವು ಹೇಗೆ ಕೇಳಿಸುತ್ತದೆ ಎಂದು ನನಗೆ ಹೇಳಿಕೊಟ್ಟವರು ಎದುರಿಗೇ ಕುಳಿತಿದ್ದರು, ಅದು ಹಾಗೆಯೇ ಕೇಳಿಸುತ್ತಿತ್ತು, ನಾನು ಅದನ್ನು ಹೊಗಳುತ್ತಿದ್ದೆ.

ಹದಿನೇಳನೆಯ ನಿಮಿಷದಲ್ಲಿ ಕುರ್ಚಿ ಸರಿಯುವ ಸದ್ದು. "ಒಂಚೂರು ಮಲಗ್ತೀನಿ ಮೇಡಂ." ಅವರು ಸ್ಪಂಜಿನ ಮುಂಡವನ್ನು ಪಕ್ಕಕ್ಕೆ ಸರಿಸಿ ಅಭ್ಯಾಸದ ಮಂಚದ ಮೇಲೆ ಮಲಗಿದರು. ನಾನು ಎದ್ದು ಹತ್ತಿರ ಹೋದೆ. ಕಿಟಕಿಯ ಹೊರಗೆ ಮಳೆ, ಕೋಣೆ ತಣ್ಣಗಿತ್ತು. ಅವರ ಹಣೆಯ ಮೇಲೆ ನೀರು ಚಿಮುಕಿಸಿದ ಹಾಗೆ ಬೆವರು. ತುಟಿಯಲ್ಲಿ ಬಣ್ಣವಿರಲಿಲ್ಲ. ಫೋನ್ ತೆಗೆದೆ, ಸಿಗಲಿಲ್ಲ. ಬಾಗಿಲಿನತ್ತ ತಿರುಗಿದೆ. ಮೂರು ಗಂಟೆಯ ಅಭ್ಯಾಸಕ್ಕೆಂದು ಭಾರ್ಗವಿ ಒಳಗೆ ಬರುತ್ತಿದ್ದಳು.

ಮಂಚ ನೋಡಿ ನಕ್ಕಳು. "ಏನಣ್ಣಾ, ಕೇಸ್ ಮೂರಾ?"

ಮುನಿರಾಜು ಉತ್ತರ ಕೊಡಲಿಲ್ಲ. ಅವಳು ಕೈ ಹಿಡಿದು ನಾಡಿ ನೋಡಿದಳು. ಕುತ್ತಿಗೆಯಲ್ಲಿ ಮತ್ತೆ ನೋಡಿದಳು. ಆಮೇಲೆ ಕಾರಿಡಾರಿಗೆ ಓಡಿ ಕೂಗಿದ ಕೂಗು ಮುದ್ರಣದ ಕೊನೆಯಲ್ಲಿದೆ. ಅದು ಹತ್ತೊಂಬತ್ತನೆಯ ನಿಮಿಷ.

ಕೆಳಗೆ ತುರ್ತು ವಿಭಾಗದಲ್ಲಿ ಎರಡನೆಯ ಸ್ಕ್ಯಾನ್ ಆಯಿತು. ನಾನು ಪರದೆಯ ಪಕ್ಕದಲ್ಲಿ ನಿಂತಿದ್ದೆ, ಹೊರಗೆ ಹೋಗು ಎಂದು ಯಾರೂ ಹೇಳಲಿಲ್ಲ. ಗುಲ್ಮದ ಸುತ್ತ ಬೆರಳಗಲದ ಕಪ್ಪು ಪಟ್ಟಿ. ಲಿವರಿನ ಪಕ್ಕದಲ್ಲೂ ಇತ್ತು. ಮಷಿನ್ನಿನಲ್ಲಿ ಎರಡೂವರೆ ತಿಂಗಳು ನೋಡಿದ್ದರಿಂದ ನನಗೂ ಅದು ಗುರುತು ಸಿಕ್ಕಿತು.

"ಆಗ ಇರ್ಲಿಲ್ಲ," ಎಂದಳು ಭಾರ್ಗವಿ. "ಮೇಡಂ, ಆಗ ಇರ್ಲಿಲ್ಲ. ನಾನು ಸರಿಯಾಗಿ ನೋಡಿದೀನಿ."

"ಗೊತ್ತು. ಆಗ ಇರ್ಲಿಲ್ಲ," ಎಂದರು ಶಾಹಿದಾ. "ಬ್ಲಡ್ ತರಿಸು. ಸರ್ಜನ್‌ಗೆ ಹೇಳು. ಇವರ ಮನೆಗೆ ಯಾರು ಫೋನ್ ಮಾಡ್ತೀರಾ?"

ನಾನು ಮಾಡಿದೆ. ಜಯಮ್ಮ ಫೋನ್ ತೆಗೆದು, "ಹೇಳಿ ಮೇಡಂ, ರೆಕಾರ್ಡಿಂಗ್ ಮುಗೀತಾ?" ಎಂದರು.

ಶಸ್ತ್ರಚಿಕಿತ್ಸೆ ಎರಡೂವರೆ ಗಂಟೆ ನಡೆಯಿತು. ಗುಲ್ಮ ತೆಗೆದರು. ಹೊರಬಂದ ಸರ್ಜನ್, ಇನ್ನು ಹತ್ತು ಹದಿನೈದು ನಿಮಿಷ ತಡವಾಗಿದ್ದರೆ ಎಂದು ಶುರು ಮಾಡಿ, ಜಯಮ್ಮನ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದರು. ಐದು ದಿನ ಐಸಿಯು. ಮೂರನೆಯ ದಿನ ಜ್ವರ ಏರಿ, ಉಸಿರಿನ ನಳಿಗೆಯನ್ನು ಮತ್ತೆ ಹಾಕಿದರು. ಆ ದಿನ ಸಂಜೆ ಶಾಹಿದಾ ಮತ್ತು ನಾನು ಐಸಿಯು ಹೊರಗಿನ ಬೆಂಚಿನ ಮೇಲೆ ಕುಳಿತಿದ್ದೆವು. ಐದನೆಯ ದಿನ ನಳಿಗೆ ತೆಗೆದರು.

ಎಂಟನೆಯ ದಿನ ವಾರ್ಡಿಗೆ ಹೋದೆ. ಮುನಿರಾಜು ದಿಂಬಿಗೆ ಒರಗಿದ್ದರು. ಜಯಮ್ಮ ಪಕ್ಕದಲ್ಲಿ ಮೂಸಂಬಿ ಸುಲಿಯುತ್ತಿದ್ದರು.

"ರೆಕಾರ್ಡಿಂಗ್ ಓಕೆ ಆಯ್ತಾ ಮೇಡಂ?" ಎಂದರು ಮುನಿರಾಜು. ಅವರು ಕೇಳಿದ ಮೊದಲ ಮಾತು ಅದು.

ನಾನು ಹೇಳಬೇಕಾದದ್ದನ್ನು ಬರೆದುಕೊಂಡು ಹೋಗಿದ್ದೆ. ಕಾಗದ ತೆಗೆಯಲಿಲ್ಲ. ಮೂರನೆಯ ಕೇಸು ಮೊದಲು ಹೇಗಿತ್ತು, ನಾನು ಏನು ತೆಗೆದೆ, ಕೊನೆಯ ಸಾಲನ್ನು ಯಾರೂ ಓದುತ್ತಿರಲಿಲ್ಲ ಎಂಬುದನ್ನು ನಾನು ನೋಡಿಯೂ ಬಿಟ್ಟದ್ದು, ಎಲ್ಲ ಹೇಳಿದೆ.

ಮುನಿರಾಜು ದಿಂಬನ್ನು ಸರಿ ಮಾಡಿಕೊಂಡರು. "ನೀವೇನ್ ಡಾಕ್ಟ್ರಾ ಮೇಡಂ? ನಾನೇ ತಮಾಷೆ ಮಾಡಿ ಎದ್ದು ಬಂದ್ಬಿಟ್ಟೆ. ಭಾರ್ಗವಿ ಮೇಡಂ ಕೂತ್ಕೊಳಿ ಅನ್ನೋಷ್ಟ್ರಲ್ಲಿ ಬಾಗಿಲು ದಾಟಿದ್ದೆ."

ಜಯಮ್ಮ ಹಣ್ಣನ್ನು ತಟ್ಟೆಯಲ್ಲಿಟ್ಟರು.

"ಭುಜ ನೋಯ್ತೈತೆ ಅಂತ ನಮ್ಮೆಜಮಾನ್ರು ನಿಮ್ಗೆ ಹೇಳಿದ್ರಂತೆ?"

"ಹೌದು."

"ಎಷ್ಟು ಸಲ?"

"ಎರಡು ಸಲ."

"ನೀವೇನಂದ್ರಿ?"

"ಬೇಡ ಅಂದೆ. ಎರಡನೇ ಸಲ ನಕ್ಕೆ."

"ಯಾಕೆ ನಕ್ರಿ?"

"ನಾಟಕ ಅಂದ್ಕೊಂಡೆ," ಎಂದೆ.

"ಬಿಡೇ ಜಯಾ," ಎಂದರು ಮುನಿರಾಜು.

"ನಾನೇನ್ ಬೈದ್ನಾ? ಕೇಳ್ದೆ." ಜಯಮ್ಮ ಇನ್ನೊಂದು ಮೂಸಂಬಿ ತೆಗೆದುಕೊಂಡರು. ಹೊರಡುವಾಗ ನನಗೂ ಎರಡು ತೊಳೆ ಕೊಟ್ಟರು. ತಿಂದೆ.

ಅಕ್ಟೋಬರಿನಲ್ಲಿ ಆಸ್ಪತ್ರೆ ಒಂದು ವಿಚಾರಣೆ ನಡೆಸಿತು. ಕೇಳಿದ್ದು ಭಾರ್ಗವಿಯ ವಿವರಣೆಯನ್ನು. ಚೀಟಿ ಇಲ್ಲದೆ ಸ್ಕ್ಯಾನ್ ಮಾಡಿದ್ದು ಯಾಕೆ, ಕಾಯಿಸದೆ ಕಳಿಸಿದ್ದು ಯಾಕೆ ಎಂದು. ನಾನು ಒಂದು ಪುಟದ ಹೇಳಿಕೆ ಬರೆದು, ಶಾಹಿದಾ ಅವರ ಮೂಲವನ್ನೂ ನಾನು ತಿದ್ದಿದ್ದನ್ನೂ ಜೊತೆಗಿಟ್ಟು ಕೊಟ್ಟೆ. ತೆಗೆದ ಸಾಲುಗಳು ಕೆಂಪಿನಲ್ಲಿದ್ದವು. ಅಭ್ಯಾಸದ ಸಾಮಗ್ರಿ ತಮ್ಮ ವ್ಯಾಪ್ತಿಗೆ ಬರುವುದಿಲ್ಲ ಎಂದು ಉತ್ತರ ಬಂತು. ಶಾಹಿದಾ ತಾವೂ ಸಹಿ ಮಾಡಿದ್ದನ್ನು ತಿಳಿಸಿ ಬೇರೆ ಪತ್ರ ಬರೆದರು. ಅದಕ್ಕೂ ಅದೇ ಉತ್ತರ. ಭಾರ್ಗವಿಗೆ ಲಿಖಿತ ಎಚ್ಚರಿಕೆ ಕೊಟ್ಟರು. ಅವಳು ಕೆಲಸ ಬಿಡಲಿಲ್ಲ. ಈಗ ಸ್ಕ್ಯಾನಿನಲ್ಲಿ ಏನೂ ಕಾಣದಿದ್ದರೆ, ಮತ್ತೆ ಯಾವಾಗ ನೋಡಬೇಕು ಎಂಬುದನ್ನು ಪ್ಲಾಸ್ಟರಿನ ತುಂಡಿನ ಮೇಲೆ ಬರೆದು ರೋಗಿಯ ಅಂಗಿಗೆ ಅಂಟಿಸುತ್ತಾಳೆ. ಗೋಡೆಯ ಹಲಗೆಯಿಂದ ತನ್ನ ಹೆಸರನ್ನು ಅವಳೇ ಅಳಿಸಿದಳು.

ಮೂರನೆಯ ಕೇಸನ್ನು ಮುನಿರಾಜು ಬಿದ್ದ ವಾರವೇ ಮಷಿನ್ನಿನಿಂದ ತೆಗೆದಿದ್ದರು. ಹೊಸದನ್ನು ಶಾಹಿದಾ ಬರೆದಿದ್ದಾರೆ. ಅದರಲ್ಲಿ ಮೊದಲ ಸ್ಕ್ಯಾನ್ ಆದಮೇಲೆ ಕನ್ನಡಕ ತೆಗೆದು, ಕುರ್ಚಿಯಲ್ಲಿ ಕುಳಿತು, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಗಾಯಾಳುವಿನ ಮಾತು ಕೇಳುತ್ತಾ ಕಾಯಬೇಕು. ಏನಾದರೂ ಬದಲಾಯಿತು ಅನ್ನಿಸಿದ ಗಳಿಗೆಗೆ ಎದ್ದು ಮತ್ತೆ ಸ್ಕ್ಯಾನ್ ಮಾಡಬೇಕು. ಅದಕ್ಕೆ ಆ ಗುರುವಾರದ ದನಿಯನ್ನು ಬಳಸಬೇಕೆಂದು ಅವರ ಇಚ್ಛೆ.

"ನಿಮ್ಮ ದನೀನೂ ಇರತ್ತೆ ಅಕ್ಕಾ. ನಗುನೂ ಇರತ್ತೆ. ಒಂದು ಸೆಕೆಂಡೂ ಕತ್ತರಿಸಲ್ಲ. ಒಪ್ಪಿಗೆ ಇದೆಯಾ?"

ನಾನು ಸಹಿ ಮಾಡಿದೆ. ಮುನಿರಾಜು ಮಾರ್ಚ್‌ನಲ್ಲಿ ಕೆಲಸಕ್ಕೆ ಮರಳಿದ್ದಾರೆ. ಗುಲ್ಮ ತೆಗೆದವರಿಗೆ ಸೋಂಕು ಬೇಗ ತಗುಲುತ್ತದೆ ಎಂಬ ಭಯದಿಂದ ಆಂಬುಲೆನ್ಸ್ ಕೊಟ್ಟಿಲ್ಲ, ವಾಹನಗಳ ಪಾಳಿ ಬರೆಯುವ ಮೇಜಿನಲ್ಲಿದ್ದಾರೆ. ಅವರೂ ಸಹಿ ಮಾಡಿದರು. ಒಪ್ಪಿಗೆಯ ನಮೂನೆಯಲ್ಲಿ ಮನೆಯವರ ಸಹಿಗೆ ಒಂದು ಜಾಗವಿದೆ. ಅದಿಲ್ಲದೆ ದನಿಯನ್ನು ಬಳಸುವುದಿಲ್ಲ ಎಂದು ಶಾಹಿದಾ ಹೇಳಿದ್ದಾರೆ.

ಏಪ್ರಿಲ್ ಮೊದಲ ವಾರ ಜಯಮ್ಮ ಆಸ್ಪತ್ರೆಗೆ ಬಂದರು. ಸಹಿ ಮಾಡುವ ಮೊದಲು ತಾವು ಕೇಳಬೇಕು ಎಂದರು. ಹಳೆಯ ಎಕ್ಸ್-ರೇ ಕೋಣೆಯಲ್ಲಿ ಕುಳಿತು, ಹೆಡ್‌ಫೋನ್ ಹಾಕಿಕೊಂಡು ಹತ್ತೊಂಬತ್ತು ನಿಮಿಷ ಕೇಳಿದರು. ಮಧ್ಯದಲ್ಲಿ ನಿಲ್ಲಿಸಲಿಲ್ಲ. ಮುಗಿದ ಮೇಲೆ ಹೆಡ್‌ಫೋನನ್ನು ಮೇಜಿನ ಮೇಲಿಟ್ಟು, ನಮೂನೆಯನ್ನು ನಾಲ್ಕು ಮಡಿಕೆ ಮಾಡಿ ಪರ್ಸಿನಲ್ಲಿಟ್ಟುಕೊಂಡು ಮನೆಗೆ ಹೋದರು.

ನಮೂನೆ ಇನ್ನೂ ಅವರ ಹತ್ತಿರವೇ ಇದೆ.